ಮೂರು ಕಥೆಗಳಿಗೆ ಒಂದೇ ಬಾಗಿಲು

ಅಣವೀರಪ್ಪನ ಗೋದಾಮಿನಲ್ಲಿ ಆ ವರ್ಷ ಲಗ್ನಪತ್ರಿಕೆಯ ಖಾಲಿ ಕಾರ್ಡುಗಳು ರಾಶಿ ಬೀಳದೆ ಹೋಗಿದ್ದರೆ ಇಂದೂಬಾಯಿಗೆ ಅವಳ ಅಣ್ಣ ಸಿಗುತ್ತಿರಲಿಲ್ಲ. ಸಾಹಿತ್ಯಸೇವೆ, ಹೊಸ ಪ್ರಯೋಗ ಎಂದೆಲ್ಲ ಆಮೇಲೆ ಬಹುಮಾನದ ಸಮಾರಂಭದಲ್ಲಿ ಹೇಳಿದರು. ನಿಜವಾದ ಕಾರಣ ಆ ಕಾರ್ಡುಗಳು. ಕಲಬುರ್ಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕಾಗದ, ಪೆನ್ನು, ಲಗ್ನಪತ್ರಿಕೆಯ ಅಂಗಡಿ ಇಟ್ಟಿದ್ದ ಅಣವೀರಪ್ಪ, ಮೂಲೆಯಲ್ಲಿ ಗಣಪತಿ ಅಚ್ಚಾಗಿದ್ದ ಆ ಮಾಲನ್ನು ಮುಂದಿನ ಹಂಗಾಮಿನವರೆಗೆ ಇಲಿಗಳಿಗೆ ಮೇಯಿಸಲು ತಯಾರಿರಲಿಲ್ಲ. ದೀಪಾವಳಿಗೊಂದು ವಿಶೇಷಾಂಕ ಹೊರಡಿಸುವ ಚಟ ಅವನಿಗೆ ಮೊದಲಿನಿಂದಲೂ ಇತ್ತು. ೧೯೯೭ರ ಅಂಕಕ್ಕೆ ಒಂದು ಸ್ಪರ್ಧೆ ಸಾರಿದ. ಅದರ ಹೆಸರು ಕವಲುಗತೆ.

ಕಥೆಯನ್ನು ಕಾರ್ಡುಗಳ ಮೇಲೆ ಬರೆಯಬೇಕು, ಕಾರ್ಡಿಗೊಂದು ನಂಬರು. ಕಥೆಯೊಳಗಿನ ಮನುಷ್ಯ ದಾರಿ ಎರಡಾಗುವಲ್ಲಿಗೆ ಬಂದಾಗ ಬರೆದವನು ಸುಮ್ಮನಾಗಬೇಕು, ಓದುವವನು ನಿರ್ಧರಿಸಬೇಕು. ‘ಬಸ್ಸು ಹತ್ತುತ್ತೀರಾ? ಐದನೇ ಕಾರ್ಡು ತೆಗೆಯಿರಿ. ಹತ್ತುವುದಿಲ್ಲವೇ? ಎಂಟನೇ ಕಾರ್ಡು.’ ಹೀಗೆ. ಕಾರ್ಡುಗಳು ಮಾತ್ರ ಅಣವೀರಪ್ಪನ ಅಂಗಡಿಯವೇ ಆಗಿರಬೇಕು. ಬೇರೆ ಕಾಗದದ ಮೇಲೆ ಬಂದ ಕಥೆ ಎಷ್ಟು ಚೆನ್ನಾಗಿದ್ದರೂ ಸಾಹಿತ್ಯವಲ್ಲ.

ಇನ್ನು ತೀರ್ಪು ಕೊಡಲು ಪುಕ್ಕಟೆ ವಿದ್ವಾಂಸರು ಬೇಕಿತ್ತು. ಇಂದೂಬಾಯಿ ಸಿಕ್ಕಳು.

ಇಂದೂಬಾಯಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ವಯಸ್ಸು ನಲವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ. ಹರೆಯದಲ್ಲಿ ವರಗಳು ಬಂದಾಗಲೆಲ್ಲ ಮನೆಯವರು ‘ಮೊದಲು ಮುಕುಂದ ಬರಲಿ’ ಎಂದರು. ಮುಕುಂದ ಬರಲಿಲ್ಲ, ಬರಬರುತ್ತ ವರಗಳೂ ಬರಲಿಲ್ಲ. ಐವಾನ್-ಎ-ಶಾಹಿ ಅತಿಥಿಗೃಹದ ಹಿಂದಿನ ಓಣಿಯ ಹಳೆಯ ಮನೆಯಲ್ಲಿ ಈಗ ಅವಳು ಮತ್ತು ತಾಯಿ ಪಾರ್ವತೀಬಾಯಿ ಇಬ್ಬರೇ. ಆ ಶ್ರಾವಣದಲ್ಲಿ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಹಾಸಿಗೆ ಹಿಡಿದವಳ ಊಟ ದಿನದಿನಕ್ಕೆ ಇಳಿಯುತ್ತಿತ್ತು. ಡಾಕ್ಟರು ಹೊರಗೆ ಕರೆದು, ‘ನೋಡಬೇಕಾದ ಮಂದಿಗೆ ಹೇಳಿಬಿಡ್ರಿ’ ಎಂದಿದ್ದರು. ಹೇಳಬೇಕಾದ ಮಂದಿ ಯಾರೂ ಇರಲಿಲ್ಲ. ಇದ್ದ ಒಬ್ಬನನ್ನು ಮನೆಯವರೇ ಸುಟ್ಟು ಮುಗಿಸಿದ್ದರು.

ಆ ಸಂಗತಿ ಹೀಗೆ. ಮುಕುಂದ ಇಂದೂಬಾಯಿಯ ಅಣ್ಣ. ಸುಳ್ಳು ಹೇಳುವುದರಲ್ಲಿ ಅವನಿಗಿದ್ದ ಶ್ರದ್ಧೆ ಓದಿನಲ್ಲಿ ಇರಲಿಲ್ಲ. ಬಿ.ಎ. ಫೇಲಾದವನು ಮನೆಯಲ್ಲಿ ಪಾಸಾದೆ ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ನಡೆದುಹೋಗುತ್ತಿತ್ತು. ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತು ಎಂದ, ಸಂಬಳ ಅಲ್ಲೇ ಡಿಪಾಜಿಟ್ ಆಗುತ್ತದೆ ಎಂದ. ಒಂದು ವರ್ಷದ ಮಟ್ಟಿಗೆ ದಿನಾಲೂ ಡಬ್ಬಿ ಕಟ್ಟಿಸಿಕೊಂಡು ಹೋಗಿ, ರೋಜಾ ಬಡಾವಣೆಯ ದರ್ಗಾದ ಅಂಗಳದಲ್ಲಿ ಯಾತ್ರಿಕರ ನಡುವೆ ಕೂತು ಉಂಡು, ಸಂಜೆ ಮನೆಗೆ ಬಂದು ಮ್ಯಾನೇಜರನ ಮುಂಗೋಪ, ಕ್ಯಾಶಿಯರನ ಮಗಳ ನಿಶ್ಚಯ ಎಲ್ಲವನ್ನೂ ವರ್ಣಿಸುತ್ತಿದ್ದ. ಪಾರ್ವತೀಬಾಯಿ ಆ ಇಲ್ಲದ ಮ್ಯಾನೇಜರನಿಗೆ ಮಾವಿನ ಉಪ್ಪಿನಕಾಯಿ ಕಳಿಸಿದ್ದಳು. ಅವನಿಗೆ ಬಹಳ ಸೇರಿತೆಂದು ಮಗ ಬಂದು ಹೇಳಿದ್ದ. ಕೊನೆಗೊಂದು ದಿನ ತಂದೆ ಪ್ರಹ್ಲಾದರಾಯರು ಮ್ಯಾನೇಜರನನ್ನು ಕಂಡು ಕೈಮುಗಿದು ಬರೋಣವೆಂದು ಬ್ಯಾಂಕಿಗೆ ಹೋದರು. ಆ ಸಂಜೆ ಓಣಿಯ ಮಂದಿ ನೋಡುತ್ತಿದ್ದಂತೆ ಮಗನ ಕಪಾಳಕ್ಕೆ ಬಾರಿಸಿದರು. ಮುಕುಂದ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದ. ಅದು ಎಪ್ಪತ್ತೊಂದನೇ ಇಸವಿ.

ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ತೀರಿಕೊಂಡವನೆಂದೇ ಎಣಿಸಿ, ದರ್ಭೆಯ ಗೊಂಬೆ ಮಾಡಿ ಸುಟ್ಟು, ಕ್ರಿಯೆ ಮುಗಿಸುವುದು ಆ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಎಂಬತ್ತಮೂರರಲ್ಲಿ ಅದನ್ನು ಮಾಡಿರೆಂದು ಹಟ ಹಿಡಿದವಳು ಪಾರ್ವತೀಬಾಯಿಯೇ. ಅಲ್ಲಿಯವರೆಗೆ ಓಣಿಯಲ್ಲಿ ಹೆಜ್ಜೆ ಸಪ್ಪಳವಾದರೆ ತಟ್ಟೆ ಬಿಟ್ಟು ಏಳುತ್ತಿದ್ದವಳು, ಗೊಂಬೆ ಸುಟ್ಟ ಮೇಲೆ ನಿದ್ದೆ ಮಾಡತೊಡಗಿದಳು. “ಇನ್ನರೆ ಅವ ಎಲ್ಲಿದ್ದಾನಂತ ಗೊತ್ತಾತು. ನಾ ಹೋದಾಗ ಸಿಗ್ತಾನ,” ಎನ್ನುತ್ತಿದ್ದಳು. ಅಲ್ಲಿಂದಾಚೆ ಪ್ರತಿ ವರ್ಷ ಅವನ ಶ್ರಾದ್ಧ ನಡೆಯುತ್ತ ಬಂತು. ಪ್ರಹ್ಲಾದರಾಯರು ಹೋದ ಮೇಲೆ ದಾಯಾದಿ ಹಣಮಂತಾಚಾರ್ಯ ಮಾಡುತ್ತಿದ್ದ.

ಈಗ ಕಾರ್ಡುಗಳಿಗೆ ಬರೋಣ.

ಕಥೆಗಳ ಕಟ್ಟುಗಳು ಮನೆಗೆ ಬಂದವು. ಕಲಬುರ್ಗಿಯಲ್ಲಿ ಇಷ್ಟು ಜನ ಕಥೆಗಾರರಿದ್ದಾರೆಂದು ಇಂದೂಬಾಯಿಗೆ ಗೊತ್ತಿರಲಿಲ್ಲ. ಓದಿದ ಮೇಲೆ, ಇಲ್ಲವೆಂದು ಖಾತ್ರಿಯಾಯಿತು. ತಾಯಿಯ ಮಂಚದ ಪಕ್ಕ ನೆಲದ ಮೇಲೆ ಕಾರ್ಡು ಹರವಿಕೊಂಡು ಇಸ್ಪೀಟು ಆಡುವವಳ ಹಾಗೆ ಕೂತಿದ್ದಳು. ಒಂದು ಕಥೆಯಲ್ಲಿ ಬಹಳ ವರ್ಷಗಳ ಮೇಲೆ ಊರಿಗೆ ಮರಳಿದವನೊಬ್ಬ ತನ್ನ ಮನೆಯ ಮುಂದೆ ನಿಲ್ಲುತ್ತಾನೆ. ಬಾಗಿಲಿನ ಒಂದು ಕದಕ್ಕೆ ಮೊಳೆ ಬಡಿದಿದೆ, ಇನ್ನೊಂದು ಅರ್ಧ ತೆರೆದಿದೆ. ಒಳಗೆ ಹೋಮದ ಹೊಗೆ. ಓಣಿಯಲ್ಲಿ ಹೋಗುವವನನ್ನು ಕೇಳಿದರೆ, ಈ ಮನೆಯ ಕಳೆದುಹೋದ ಮಗನ ತಿಥಿ ಇವತ್ತು ಎನ್ನುತ್ತಾನೆ. ಅವನೇ ಆ ಮಗ. ‘ಒಳಗೆ ಹೋಗುತ್ತೀರಾ? ಒಂಬತ್ತನೇ ಕಾರ್ಡು. ತಿರುಗಿ ಹೋಗುತ್ತೀರಾ? ಹನ್ನೆರಡನೆಯದು.’ ಚೆನ್ನಾಗಿದೆ, ಪೂರ್ತಿ ಆಮೇಲೆ ಓದೋಣವೆಂದು ಅದನ್ನು ಪಕ್ಕಕ್ಕಿಟ್ಟಳು.

ಮರುದಿನ ಇನ್ನೊಂದು ಕಟ್ಟಿನಲ್ಲಿ ಅದೇ ಬಾಗಿಲು. ಮೂರನೆಯ ದಿನ ಮತ್ತೊಂದರಲ್ಲಿ. ಬರೆದವರು ಮೂವರು: ಮಹಾಗಾಂವದ ಪ್ರಾಥಮಿಕ ಶಾಲೆಯ ಮಾಸ್ತರ ದೌಲಪ್ಪ, ರೋಜಾದ ಹಣ್ಣಿನ ವ್ಯಾಪಾರಿಯ ಕಾಲೇಜು ಓದುವ ಮಗಳು ಹಲೀಮಾ, ಮತ್ತು ಬಸ್ ಕಂಡಕ್ಟರ್ ಕರೀಂಸಾಬ್. ಬಾಗಿಲಿನವರೆಗೆ ಮೂರೂ ಒಂದೇ. ಅಲ್ಲಿಂದ ಮುಂದೆ ಮೂರು ದಿಕ್ಕು. ದೌಲಪ್ಪನ ಕಥೆಯಲ್ಲಿ ಅವನು ಒಳಗೆ ಹೋದ ಕೂಡಲೆ ದೆವ್ವವೆಂದು ಮಂದಿ ಎಲೆ ಬಿಟ್ಟು ಓಡುತ್ತಾರೆ. ಹಲೀಮಾಳ ಕಥೆಯಲ್ಲಿ ಯಾವ ಕಾರ್ಡು ತೆಗೆದರೂ ಅಳುತ್ತ ತಿರುಗಿ ಹೋಗುತ್ತಾನೆ. ಕರೀಂಸಾಬನ ಕಥೆಯಲ್ಲಿ ಗುರುತು ಹೇಳದೆ ಪಂಕ್ತಿಯಲ್ಲಿ ಕೂತು ತನ್ನ ತಿಥಿಯೂಟ ತಾನೇ ಉಂಡು, ವಡೆ ಎರಡನೇ ಸಲ ಕೇಳುತ್ತಾನೆ.

ಆದರೆ ಇಂದೂಬಾಯಿ ಮೂರನ್ನೂ ಮೊದಲ ಕಾರ್ಡಿನಿಂದ ನಿಧಾನವಾಗಿ ಓದುತ್ತ ತಡೆದು ನಿಂತದ್ದು ಬಾಗಿಲಿನಲ್ಲಿ ಅಲ್ಲ. ಮೂರೂ ಕಥೆಗಳಲ್ಲಿ, ಅರ್ಧ ತೆರೆದ ಕದದಾಚೆ ಅಂಗಳದಲ್ಲಿ ಒಬ್ಬ ಹೆಣ್ಣುಮಗಳು ಪಿಂಡವಿಟ್ಟು ಕಾಗೆ ಕರೆಯುತ್ತಾಳೆ. ಕಾಗೆ ಬರುವುದಿಲ್ಲ. ಕರೆದು ಕರೆದು ಸಾಕಾಗಿ, ಮಾಡಿನ ಮೇಲಿನ ಕಾಗೆಗೆ ಅನ್ನುತ್ತಾಳೆ: ‘ಬಾರೋ ಭಾಡ್ಯಾ, ನೀನೂ ಅವನಂಗ ಕೈ ಕೊಡ್ತೀ ಏನು?’

ಆ ಮಾತು ಅವಳದೇ. ಎಂಬತ್ತೈದರ ಶ್ರಾದ್ಧದ ದಿನ, ಪುರೋಹಿತರು ಒಳಗಿದ್ದಾಗ, ಯಾರೂ ಕೇಳುತ್ತಿಲ್ಲವೆಂದುಕೊಂಡು ಅಂದದ್ದು. ಮೊಳೆ ಬಡಿದ ಆ ಕದವೂ ಈ ಮನೆಯದೇ, ಅದನ್ನು ತಂದೆ ತೀರಿದ ವರ್ಷವೇ ತೆಗೆಸಿ ಹೊಸ ಬಾಗಿಲು ಹಚ್ಚಿದ್ದರು. ಆಗ ಹಲೀಮಾ ಇನ್ನೂ ಲಂಗ ಹಾಕುವ ಹುಡುಗಿ.

ಅಣವೀರಪ್ಪನಿಗೆ ಮಾತ್ರ ಸಂಗತಿ ನೇರವಾಗಿ ಕಂಡಿತು.

“ಕಾಪಿ ಹೊಡದಾರ್ರೀ ಮೇಡಂ. ಮೂರೂ ತಗದು ಒಗೀರಿ.”

“ಒಗೀಬ್ಯಾಡ್ರಿ. ಆ ಕಂಡಕ್ಟರನ್ನ ಕರಸ್ರಿ.”

ಕರೀಂಸಾಬ್ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಅಂಗಡಿಗೆ ಬಂದ. ಬಹುಮಾನದ ಸುದ್ದಿ ಇರಬಹುದೆಂದು ಮುಖ ತೊಳೆದುಕೊಂಡು ಬಂದಿದ್ದ.

“ಖರೆ ಹೇಳ್ಪಾ, ಯಾರ್ದು ನೋಡಿ ಬರ್ದಿ?” ಎಂದ ಅಣವೀರಪ್ಪ.

“ತೌಬಾ! ನೋಡಿ ಬರದಿಲ್ರೀ ಸಾವ್ಕಾರ್ರ, ಕೇಳಿ ಬರದೀನಿ. ಕಮಲಾಪುರದಾಗ ಚಂದಮ್ಮನ ಬಾಳೆಹಣ್ಣಿನ ಅಂಗಡಿ ಅದಲ್ರೀ, ಅಲ್ಲಿ ಒಬ್ಬ ಗಡ್ಡದ ಮುದುಕ ಕುಂದರ್ತಾನ, ಲೆಕ್ಕಾ ಬರೀತಾನಂತ ಎಲ್ಲಾರೂ ಮಾಸ್ತರ ಅಂತಾರ. ಹಣ್ಣು ಕೊಡೂದರೊಳಗ ಇದೇ ಕಿಸ್ಸಾ ಹೇಳ್ತಾನ. ‘ನೀ ಆಗಿದ್ರ ಒಳಗ ಹೋಗ್ತಿದ್ದೀ, ತಿರುಗಿ ಬರ್ತಿದ್ದೀ?’ ಅಂತ ಕೇಳ್ತಾನ. ಬಸ್ ಹಾರನ್ ಹೊಡದ್ರೂ ಬಿಡಂಗಿಲ್ರೀ. ಆ ರೋಡಿನ್ಯಾಗ ಹಣ್ಣು ತಿಂದವರಿಗೆಲ್ಲ ಕೇಳ್ಯಾನ. ಕವಲಿನ ಕಥಿ ಅಂದ ಕೂಡ್ಲೆ ನನಗ ಅದೇ ನೆನಪಾತು. ಮಂದಿಗೂ ಅದೇ ನೆನಪಾಗಿದ್ರ ನಂದೇನು ಕಸೂರ್?”

“ನೀ ಅವಗ ಏನಂದಿ?” ಇಂದೂಬಾಯಿ ಕೇಳಿದಳು.

“ಉಂಡು ಬಾ ಅಂದೆ ಮೇಡಂ. ನಕ್ಕ. ಆಮ್ಯಾಲೆ ಒಂದು ಹಣ್ಣು ಜಾಸ್ತಿ ಕೊಟ್ಟ.”

ರವಿವಾರ ಇಂದೂಬಾಯಿ ಪಕ್ಕದ ಮನೆಯವಳನ್ನು ತಾಯಿಯ ಹತ್ತಿರ ಕೂರಿಸಿ ಕರೀಂಸಾಬನ ಬಸ್ಸು ಹತ್ತಿದಳು. ಮಹಾಗಾಂವ ದಾಟುವವರೆಗೆ ಸಿಟ್ಟು ಬಂತು, ದಾಟಿದ ಮೇಲೆ ಹೆದರಿಕೆ. ಕಮಲಾಪುರವೆಂದರೆ ಕಲಬುರ್ಗಿಯಿಂದ ಒಂದು ತಾಸಿನ ದಾರಿ. ಹಜ್‌ಗೆ ಹೋದವರು, ಕಾಶಿಗೆ ಹೋದವರು ತಿರುಗಿ ಬರುತ್ತಾರೆ. ಒಂದು ತಾಸು ದೂರ ಹೋದವನು ಇಪ್ಪತ್ತಾರು ವರ್ಷ ಬಂದಿರಲಿಲ್ಲ.

ಅಂಗಡಿಯೆಂದರೆ ನಾಲ್ಕು ಕಂಬ, ತಗಡಿನ ಮಾಡು, ಕೆಂಪು ಬಾಳೆಯ ಗೊನೆಗಳು. ತೋಟದ ಒಡತಿ ಚಂದಮ್ಮ ಗಟ್ಟಿ ಹೆಂಗಸು, ಒಂದು ಕಡೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಇನ್ನೊಂದು ಕಡೆ ಸ್ಟೂಲಿನ ಮೇಲೆ ಬಿಳಿ ಗಡ್ಡದ ತೆಳ್ಳನೆಯ ಮನುಷ್ಯ. ಇಂದೂಬಾಯಿ ಅರ್ಧ ಡಜನ್ ಕೇಳಿದಳು. ಅವನು ಗೊನೆಗೆ ಕೈ ಹಾಕುತ್ತಲೇ ಶುರು ಮಾಡಿದ.

“ಅಕ್ಕಾರ, ನಿಮಗೊಂದು ಮಾತು ಕೇಳ್ತೀನಿ. ಒಬ್ಬಾಂವ ಭಾಳ ವರ್ಷಕ್ಕ ತನ್ನ ಮನೀಗೆ ಬಂದ...”

“ಏ ಮಾಸ್ತರಾ, ಗಿರಾಕಿಗೆ ಹಣ್ಣು ಕೊಡು ಮೊದ್ಲ,” ಚಂದಮ್ಮ ಗದರಿದಳು. “ಹನ್ನೆರಡು ವರ್ಷಾತ್ರೀ ಬಾಯೇರ, ನಾ ‘ಹೋಗೋ ಒಳಗ’ ಅಂದು ಅಂದು ಹಲ್ಲು ಬಿದ್ದಾವ. ಇವನ ಮನಿಶಾ ಇನ್ನೂ ಬಾಗಲದಾಗೇ ನಿಂತಾನ.”

“ಕೇಳೂದು ಬ್ಯಾಡ,” ಇಂದೂಬಾಯಿ ಎಂದಳು. ಧ್ವನಿ ತರಗತಿಯಲ್ಲಿ ಬರುವಷ್ಟು ಗಟ್ಟಿಯಾಗಿ ಬಂತು. “ಕಾಗಿ ಕರ್ದಾಕಿ ನಾನs.”

ಅವನ ಕೈ ಗೊನೆಯ ಮೇಲೆ ಹಾಗೇ ನಿಂತಿತು. ಅವಳ ಮುಖವನ್ನು ಬಹಳ ಹೊತ್ತು ನೋಡಿದ. ನರೆತ ಕೂದಲು, ಕನ್ನಡಕ, ಹಣೆಯ ಗೆರೆ, ಒಂದೊಂದನ್ನೂ ದಾಟಿ ಒಳಗಿನ ಇಪ್ಪತ್ತರ ಹುಡುಗಿಯನ್ನು ಹುಡುಕುವವನ ಹಾಗೆ.

“ಇಂದೂ,” ಎಂದ. ಆಮೇಲೆ, “ಕಾಗಿ ಬಂತೇನು ಅವತ್ತ?”

“ಮಧ್ಯಾಹ್ನ ತಿರುಗಿದ ಮ್ಯಾಲೆ ಬಂತು. ನೀ ಬರ್ಲಿಲ್ಲ.”

ಚಂದಮ್ಮ ಬಾಯಿಯ ಎಲೆಯನ್ನು ಉಗುಳಿ ಬಂದು, ಏನೂ ಕೇಳದೆ ಗೋಣಿಚೀಲ ಹಾಸಿದಳು. ಅಣ್ಣ ತಂಗಿ ಅದರ ಮೇಲೆ ಕೂತರು. ಸೊಲ್ಲಾಪುರದ ಹೋಟೆಲು, ಅಲ್ಲಿಂದ ಊರೂರು, ಕೊನೆಗೆ ಮನೆಗೆ ಹೋಗೋಣವೆಂದು ಧೈರ್ಯ ಕೂಡಿಸಿ ಬಂದ ದಿನವೇ ಆ ತಿಥಿ; ಅಲ್ಲಿಂದ ತಿರುಗಿ, ಸಿಕ್ಕ ಬಸ್ಸು ಹತ್ತಿ ಇಳಿದದ್ದು ಇಲ್ಲಿ. ಎಲ್ಲವನ್ನೂ ಅವನು ನಾಲ್ಕು ಮಾತಿನಲ್ಲಿ ಮುಗಿಸಿದ. ತನ್ನದಲ್ಲದ ಕಥೆಗಳನ್ನು ಹಿಗ್ಗಿಸಿ ಹೇಳುತ್ತಿದ್ದವನಿಗೆ ತನ್ನದು ಹೇಳಲು ಬರುತ್ತಿರಲಿಲ್ಲ.

“ಒಳಗ ಯಾಕ ಬರ್ಲಿಲ್ಲ ದಾದಾ?”

“ಸತ್ತವ ತಿರುಗಿ ಬಂದ್ರ ತುಪ್ಪದ ಕೊಪ್ಪರಿಗ್ಯಾಗ ಮುಳುಗಿಸಿ, ಕೂಸಿನಂಗ ಬಟ್ಟಿ ಸುತ್ತಿ, ಹೊಸದಾಗಿ ಹೆಸರಿಡಬೇಕಂತ ಶಾಸ್ತ್ರ. ಅಪ್ಪಾ ಅಷ್ಟು ತುಪ್ಪ ಎಲ್ಲಿಂದ ತರ್ತಿದ್ರು?” ನಗಲು ನೋಡಿದ, ಆಗಲಿಲ್ಲ. “ಆಯಿ ಅಂಗಳಕ್ಕ ಬಂದಿದ್ಳು, ಇಂದೂ. ಮಾರಿ ನೋಡಿದೆ. ನಾ ಮನ್ಯಾಗ ಇದ್ದಾಗ ಒಂದಿನಾನೂ ಹಂಗ ಸಮಾಧಾನ ಇದ್ದಿದ್ದಿಲ್ಲ ಆ ಮಾರಿ. ಹೊರಗಿಂದ್ಲೇ ತಿರುಗಿದೆ. ಸರಿ ಮಾಡಿದ್ನೋ ತಪ್ಪು ಮಾಡಿದ್ನೋ, ಇನ್ನೂ ತಿಳೀಲಿಲ್ಲ. ಅದಕ್ಕ ಮಂದೀನ್ನ ಕೇಳ್ತೀನಿ. ಎಲ್ಲಾರೂ ಒಂದೊಂದು ಹೇಳ್ತಾರ. ಯಾವುದೂ ನನಗ ಒಗ್ಗೂದಿಲ್ಲ.”

“ಆಯಿ ಭಾಳ ದಿನ ಇರೂದಿಲ್ಲ. ಇವತ್ತೇ ನಡಿ.”

ಚಂದಮ್ಮ ಆ ಕಡೆಯಿಂದಲೇ ಕೂಗಿದಳು. “ಹೋಗೋ ಮಾರಾಯಾ! ಅಂಗಡಿ ಏನು ನಿನ್ನಿಂದ ನಿಂತಿಲ್ಲ.”

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬಂದರು. ಅಪ್ಪ ತೀರಿಕೊಂಡದ್ದನ್ನು ಅವಳು ಬಸ್ಸಿನಲ್ಲೇ ಅವನಿಗೆ ಹೇಳಿದಳು. ದಾರಿಯುದ್ದಕ್ಕೂ ಇಂದೂಬಾಯಿ ತಾಯಿಗೆ ಹೇಗೆ ಹೇಳುವುದೆಂದು ಜೋಡಿಸುತ್ತಿದ್ದಳು. ಎದೆ ಗಟ್ಟಿಯಿಲ್ಲದ ಜೀವ. ಮೊದಲು ಯಾರೋ ಬಂದಿದ್ದಾರೆ ಎನ್ನುವುದು, ಆಮೇಲೆ ಸುದ್ದಿ ಸಿಕ್ಕಿದೆ ಎನ್ನುವುದು, ಆಮೇಲೆ... ಆ ಕಸರತ್ತೆಲ್ಲ ವ್ಯರ್ಥವಾಯಿತು. ಪಕ್ಕದ ಮನೆಯವಳನ್ನು ಕಳಿಸಿ ಕೋಣೆಯ ಪರದೆ ಸರಿಸುವಷ್ಟರಲ್ಲಿ ಪಾರ್ವತೀಬಾಯಿ ಕಣ್ಣು ತೆರೆದಿದ್ದಳು. ಮಗಳನ್ನು ದಾಟಿ ಹಿಂದೆ ನಿಂತವನನ್ನು ನೋಡಿದಳು. ಗಡ್ಡ ಅವಳಿಗೆ ಅಡ್ಡಬರಲಿಲ್ಲ.

“ಬಂದ್ಯಾ ಮುಕುಂದಾ?”

“ಬಂದೆ ಆಯಿ.”

“ಜೇವಲಾಸ ಕಾ?” ಉಂಡೆಯಾ ಎಂದು ಮಕ್ಕಳನ್ನು ಕೇಳುವಾಗ ಮಾತ್ರ ಅವಳ ಬಾಯಿಗೆ ಮರಾಠಿ ಬರುತ್ತಿತ್ತು.

“ಉಂಡೆ.”

“ನಾವು ಹಾಕಿದ್ದು ಮುಟ್ಟತದೇನು ಅಲ್ಲೆ? ಹಣಮಂತ ಮಂತ್ರ ಭಾಳ ಅವಸರ ಮಾಡ್ತಾನ. ಅರ್ಧ ನುಂಗ್ತಾನ ಅಂತ ನನಗ ಸಂಶಯ.”

ಇಂದೂಬಾಯಿಗೆ ಆಗ ತಿಳಿಯಿತು. ತಾಯಿ ಮಗನನ್ನು ಗುರುತಿಸಿದ್ದಾಳೆ. ಅವನು ಬಂದದ್ದು ಮಾತ್ರ ಸತ್ತವರ ಲೋಕದಿಂದ ಎಂದೇ ಅವಳ ಲೆಕ್ಕ. ‘ಆಯಿ, ಹಂಗಲ್ಲ’ ಎನ್ನಲು ಬಾಯಿ ತೆರೆದಳು. ಮುಕುಂದ ಅವಳ ಮೊಣಕೈ ಹಿಡಿದ.

“ಮುಟ್ಟತದ ಆಯಿ. ವರ್ಷಾ ವರ್ಷಾ ಮುಟ್ಟತದ.” ಮಂಚದ ಪಕ್ಕ ಕೂತ.

“ನಿಮ್ಮಪ್ಪ ಹೆಂಗಿದ್ದಾರ? ಇನ್ನೂ ಸಿಟ್ಟದಾರೇನು ನಿನ್ನ ಮ್ಯಾಲೆ?”

“ಇಲ್ಲ. ಕೂಡೇ ಉಣ್ತೀವಿ.”

“ನೌಕರಿ?”

“ಬ್ಯಾಂಕಿನ್ಯಾಗ ಅದ.”

ಪಾರ್ವತೀಬಾಯಿ ಅವನ ಮುಖವನ್ನೇ ನೋಡಿದಳು. “ಈ ಸಲ ಖರೇನೋ?”

“ಖರೆ, ಆಯಿ.”

ಅವಳು ಅವನ ಕೈಯನ್ನು ತನ್ನ ಕೆನ್ನೆಯ ಕೆಳಗಿಟ್ಟುಕೊಂಡಳು. “ನನ್ನ ಕರಕೊಂಡು ಹೋಗ್ಲಿಕ್ಕೆ ಬಂದೀ?”

“ಇಲ್ಲ. ಅಲ್ಲೆ ಇನ್ನೂ ಜಾಗಾ ಆಗಿಲ್ಲ. ಆತಂದ್ರ ನಾನೇ ಬರ್ತೀನಿ.”

“ಆತು. ಅವಸರ ಮಾಡಬ್ಯಾಡ,” ಎಂದು ತಾಯಿ ಅವನಿಗೇ ಸಮಾಧಾನ ಹೇಳಿ, ಹಾಗೇ ನಿದ್ದೆ ಹೋದಳು.

ಹಿತ್ತಲಿಗೆ ಬಂದ ಮೇಲೆ ಇಂದೂಬಾಯಿ ಸಿಡಿದಳು. “ಖರೆ ಹೇಳ್ಲಿಕ್ಕೆ ನಾಲಿಗಿಗೆ ಏನು ಧಾಡಿ ಆಗಿತ್ತು ನಿನಗ? ಇವತ್ತೂ ಬ್ಯಾಂಕ್ ಏನು? ಬದುಕೀನಿ ಅನ್ನಬೇಕಾಗಿತ್ತು!”

“ಬದುಕೀನಿ ಅಂದ್ರ ಮುಂದಿನ ಮಾತು ಏನು ಕೇಳ್ತಾಳ? ಎಲ್ಲಿದ್ದೀ ಅಂತಾಳ. ಕಮಲಾಪುರದಾಗ ಅಂದ್ರ? ಒಂದು ತಾಸಿನ ಹಾದ್ಯಾಗ ಕೂತು ಇಷ್ಟು ವರ್ಷ ಬರ್ಲಿಲ್ಲ ಅಂತ ಅಕೀಗೆ ಸಾಯೂ ಮುಂದ ತಿಳೀಬೇಕೇನು? ಸತ್ತವ ಬರ್ಲಿಲ್ಲ ಅಂದ್ರ ತಪ್ಪಿಲ್ಲ, ಇಂದೂ. ಬದುಕಿದ್ದಾಂವ ಬರ್ಲಿಲ್ಲ ಅಂದ್ರ...”

“ಇದ್ದುಬಿಡು,” ಎಂದಷ್ಟೇ ಅಂದಳು.

“ನಾಳೆ ಎದ್ದು ನಾ ನಳದ ಕೆಳಗ ಹಲ್ಲು ತಿಕ್ಕೂದು ಆಯಿ ಮಂಚದಿಂದ ನೋಡಿದ್ರ?” ಎಂದ. ಸಂಜೆಯ ಬಸ್ಸಿಗೆ ಹೋದ.

ಆ ಮೇಲಿನದು ಯಾರೂ ಎಣಿಸದ ರೀತಿಯಲ್ಲಿ ನಡೆಯಿತು. ಪಾರ್ವತೀಬಾಯಿ ಮರುದಿನ ಗಂಜಿ ಕೇಳಿದಳು, ಆ ವಾರ ಜೋಳದ ಭಕ್ಕರಿ ಕೇಳಿದಳು. ಡಾಕ್ಟರು ತಮ್ಮ ಇಂಜೆಕ್ಷನ್ನಿನ ಗುಣ ಎಂದರು. ನೋಡಲು ಬಂದವರಿಗೆಲ್ಲ ಅವಳು ಹೇಳುವುದು ಒಂದೇ. “ಮುಕುಂದ ಬಂದಿದ್ದ. ಇನ್ನೂ ಜಾಗಾ ಆಗಿಲ್ಲಂತ.” ಬಂದವರು ಇಂದೂಬಾಯಿಯ ಕಡೆ ನೋಡಿ, ಮುದುಕಿಗೆ ಭ್ರಮೆ ಎಂದು ಕಣ್ಣಲ್ಲೇ ಅನ್ನುತ್ತಿದ್ದರು. ಇಂದೂಬಾಯಿ ಹೌದೆಂದು ತಲೆ ಹಾಕುತ್ತಿದ್ದಳು. ಮಗ ಬಂದದ್ದರಿಂದ ತಾಯಿ ಬದುಕಿದಳು. ತಾಯಿ ಬದುಕಿದ್ದರಿಂದ ಮಗ ಮತ್ತೆ ಬರುವ ಹಾಗಿಲ್ಲ. ಒಂದು ತಾಸಿನ ದಾರಿಯ ಆ ಕಡೆ ಅವನು, ಈ ಕಡೆ ಇವಳು. ಅವನು ಮನೆಗೆ ಬರಬೇಕಾದರೆ ಇವಳು ಹೋಗಬೇಕು. ಇಂಥ ವ್ಯವಹಾರದಲ್ಲಿ ಯಾರು ಗೆಲ್ಲಲಿ ಎಂದು ಹರಕೆ ಹೊರುವುದು?

ಸ್ಪರ್ಧೆಯ ಬಹುಮಾನ ಬೇರೆ ಯಾರಿಗೋ, ದೋಣಿಯ ಕಥೆಗೆ ಹೋಯಿತು. ಕಲಬುರ್ಗಿಯಲ್ಲಿ ದೋಣಿ ನೋಡಿದವರು ಕಡಿಮೆ, ಹಾಗಾಗಿ ಯಾರೂ ತಕರಾರು ಮಾಡಲಿಲ್ಲ. ಮೂರು ಕಥೆಗಳನ್ನೂ ಅಣವೀರಪ್ಪ ಒಂದರ ಪಕ್ಕ ಒಂದು ಅಚ್ಚು ಹಾಕಿ, ‘ವಿಸ್ಮಯ! ಯೋಗಾಯೋಗ!’ ಎಂದು ತಲೆಬರಹ ಕೊಟ್ಟ. ಅಂಕ ಪೂರ್ತಿ ಖರ್ಚಾಯಿತು. ಆ ವರ್ಷ ಮುಕುಂದನ ಶ್ರಾದ್ಧವೂ ತಪ್ಪದೆ ನಡೆಯಿತು. ಪಾರ್ವತೀಬಾಯಿ ಮಂಚದಿಂದಲೇ, ಮಂತ್ರ ನಿಧಾನ ಹೇಳೆಂದು ಹಣಮಂತಾಚಾರ್ಯನನ್ನು ಗದರಿಸಿದಳು.

ಬೇಸಿಗೆಯ ಹೊತ್ತಿಗೆ ತಾಯಿಗೆ ಒಂದು ಹುಚ್ಚು ಹಿಡಿಯಿತು. ಮಗನಿಗೆ ಬೇಸನ್ ಉಂಡಿ ಇಷ್ಟ, ಹೋಗುವಾಗ ಒಯ್ಯಬೇಕು. “ಮಾಡಿ ಡಬ್ಬಿ ತುಂಬಿಡು ಇಂದೂ. ಯಾವತ್ತು ಕರೀತಾನೋ ಏನೋ. ನನ್ನ ಜೋಡಿ ಚಿತಿ ಮ್ಯಾಲೆ ಇಟ್ಟುಬಿಡು.” ಇಂದೂಬಾಯಿ ಮಾಡಿ ತುಂಬಿಟ್ಟಳು. ಕೆಲ ದಿನಗಳಾದ ಮೇಲೆ, “ಅವು ಹಳೇವಾದ್ವು, ತಗದು ಹೊಸಾವು ಮಾಡು. ಹಳಸಿದ್ದು ಹೆಂಗ ಕೊಡ್ಲಿ ಅವಗ?” ಎಂದಳು.

ಹೀಗೆ ಪ್ರತಿ ಸಲ ತೆಗೆದಿಟ್ಟ ಉಂಡಿಗಳನ್ನು ಕಟ್ಟಿಕೊಂಡು ಇಂದೂಬಾಯಿ ರವಿವಾರದ ಬಸ್ಸು ಹತ್ತುವಳು. ಮುಕುಂದ ಸ್ಟೂಲಿನ ಮೇಲೆ ಕೂತು, ಗಡ್ಡಕ್ಕೆ ಹಿಟ್ಟು ಉದುರಿಸಿಕೊಳ್ಳುತ್ತ, ಒಂದೊಂದಾಗಿ ತಿನ್ನುವನು. ಗಿರಾಕಿಗಳನ್ನು ಕೇಳುವುದನ್ನು ಬಿಟ್ಟಿದ್ದ. ಅಂಗಡಿ ಬಣಗುಡುತ್ತದೆಂದು ಚಂದಮ್ಮ ಗೊಣಗುತ್ತಿದ್ದಳು.

“ನಿನ್ನೆ ಆಯಿ ಕೇಳ್ಲಿಕತ್ತಿದ್ಳು,” ಎಂದಳು ಇಂದೂಬಾಯಿ ಒಂದು ಸಲ. “ಅವಗ ಇವು ಇನ್ನೂ ಸೇರ್ತಾವೋ ಇಲ್ಲೋ, ಅಲ್ಲೆ ರುಚಿ ಬದಲಾಗಿರ್ತದೋ ಏನೋ ಅಂತ.”

“ಸೇರ್ತಾವ ಅಂತ ಹೇಳು,” ಎಂದ ಮುಕುಂದ ಬಾಯಿ ತುಂಬಿಕೊಂಡೇ. “ಅಗದೀ ಮೊದಲಿನಂಗೇ ಆಗ್ಯಾವ ಅಂತ ಹೇಳು.”

“ಹೆಂಗ ಹೇಳ್ಲಿ ದಾದಾ? ನಿನಗ ಯಾರು ಹೇಳಿದ್ರು ಅಂತ ಕೇಳ್ತಾಳಲ್ಲ.”

ಮುಕುಂದ ಬಾಯಿಯೊಳಗಿನದನ್ನು ನುಂಗಿದ. ಇಲ್ಲದ ಬ್ಯಾಂಕಿಗೆ ಮ್ಯಾನೇಜರನನ್ನೂ ಕ್ಯಾಶಿಯರನನ್ನೂ ಹುಟ್ಟಿಸಿದ್ದವನು, ತಂಗಿ ಮನೆಗೆ ಒಯ್ಯಬಹುದಾದ ಒಂದು ಸುಳ್ಳಿಗಾಗಿ ರಸ್ತೆಯ ಕಡೆ ನೋಡುತ್ತ ಕೂತ. ಬಸ್ಸು ಬಂತು. ಕರೀಂಸಾಬ್ ಎರಡು ಸಲ ಸೀಟಿ ಊದಿದ. ಏನೂ ಹೊಳೆಯಲಿಲ್ಲ. ಇಂದೂಬಾಯಿ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.